ಲ್ವಾರ್ ದಂಡೆಯ ನೆಲ, ನೀರು, ದ್ರಾಕ್ಷಿ

ದ್ರಾಕ್ಷಿ ಬೆಳೆಯುವ ನಾಡನ್ನು ಸೈಕಲ್ ಮೇಲೆ ಕೂತು ನೋಡುವಷ್ಟು ಹಿತವಾದದ್ದು ಬೇರೊಂದಿಲ್ಲ. ಕಾರಿನಲ್ಲಿ ಹೋದರೆ ತೋಟಗಳೆಲ್ಲ ಒಂದರೊಳಗೊಂದು ಕಲಸಿಹೋಗಿ ಬರೀ ಹಸಿರು ಪಟ್ಟಿಯಾಗುತ್ತವೆ. ನಡೆದು ಹೊರಟರೆ ಒಂದೂರಿನ ತೋಟ ಮುಗಿಯುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಗಂಟೆಗೆ 12–15 ಕಿಲೋಮೀಟರಿನ ಹದವಾದ ಓಟದಲ್ಲಿ ಮಾತ್ರ ನೆಲ ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಟೈರಿನಡಿ ಮೊದಲು ಮೆತ್ತನೆಯ ಮರಳು, ಆಮೇಲೆ ಕಟಕಟ ಎನ್ನುವ ಗರಸು, ಏರು ಶುರುವಾದಲ್ಲಿ ಬೆಣ್ಣೆಬಣ್ಣದ ಸುಣ್ಣಕಲ್ಲಿನ ಹುಡಿ. ಸಂಜೆ ಸೈಕಲ್ಲನ್ನು ಗೋಡೆಗೆ ಒರಗಿಸಿ ಕೂತಾಗ ಗ್ಲಾಸಿನಲ್ಲಿ ಬರುವುದೂ ಅವೇ ಮೂರು ನೆಲಗಳು. ಹಗಲೆಲ್ಲ ಕಾಲು ಓದಿದ್ದನ್ನು ಸಂಜೆ ನಾಲಗೆ ಮತ್ತೊಮ್ಮೆ ಓದುತ್ತದೆ. ಈ ಸುಖಕ್ಕಾಗಿಯೇ ನನಗೆ ಫ್ರಾನ್ಸಿನ ಲ್ವಾರ್ ನದಿಯ ಬಯಲೆಂದರೆ ಪ್ರಾಣ.

ಲ್ವಾರ್ ಫ್ರಾನ್ಸಿನ ಅತಿ ಉದ್ದದ ನದಿ. 1,000 ಕಿಲೋಮೀಟರಿಗೂ ಮಿಗಿಲಾದ ಅದರ ಹರಿವು ದಕ್ಷಿಣದ ಗುಡ್ಡಗಾಡಿನಲ್ಲಿ ಶುರುವಾಗಿ, ಉತ್ತರಕ್ಕೆ ಓರ್ಲಿಯಾಂ ಪಟ್ಟಣದವರೆಗೆ ಹೋಗಿ, ಅಲ್ಲಿ ನಿಧಾನಕ್ಕೆ ಪಶ್ಚಿಮಕ್ಕೆ ಹೊರಳಿ ಅಟ್ಲಾಂಟಿಕ್ ಸೇರುತ್ತದೆ. ಅದರ ಮಗ್ಗುಲಲ್ಲೇ ಸುಮಾರು 900 ಕಿಲೋಮೀಟರ್ ಉದ್ದದ ಸೈಕಲ್ ದಾರಿಯಿದೆ. ಅಟ್ಲಾಂಟಿಕ್ ತೀರದಿಂದ ಕಪ್ಪು ಸಮುದ್ರದವರೆಗೆ ಯುರೋಪನ್ನು ಅಡ್ಡ ಹಾಯುವ ದೊಡ್ಡ ಸೈಕಲ್ ಮಾರ್ಗದ ಪಶ್ಚಿಮದ ತುದಿ ಇದೇ. ಇದನ್ನು ಪೂರ್ತಿ ತುಳಿದು ಮುಗಿಸಿದವರು ಬೇಕಾದಷ್ಟು ಮಂದಿ ಇದ್ದಾರೆ; ಅವರಿಗೆ ನನ್ನ ನಮಸ್ಕಾರ. ನನ್ನ ಮನಸ್ಸು ಮಾತ್ರ ತೂರ್ ಪಟ್ಟಣದಿಂದ ಸೊಮ್ಯೂರ್‌ವರೆಗಿನ ಚಿಕ್ಕ ತುಣುಕಿನಲ್ಲೇ ನೆಟ್ಟಿದೆ. ಅವಸರದವರು ಒಂದು ದಿನದಲ್ಲಿ ದಾಟಿಬಿಡಬಹುದಾದ ದೂರ ಅದು. ಆದರೆ ಶೇರ್, ಆಂದ್ರ್, ವಿಯೆನ್ ಎಂಬ ಮೂರು ಉಪನದಿಗಳು ಒಂದರ ಹಿಂದೊಂದು ಲ್ವಾರ್ ಸೇರುವುದು ಅಲ್ಲೇ. ಕೆಂಪು ವೈನಿನ ಕಾಬರ್ನೆ ಫ್ರಾಂ, ಬಿಳಿ ವೈನಿನ ಶೆನಾಂ ಬ್ಲಾಂ ಎರಡೂ ತಮ್ಮ ಅಸಲಿ ದನಿಯಲ್ಲಿ ಮಾತಾಡುವುದೂ ಅಲ್ಲೇ. ಅಂಥ ತುಣುಕನ್ನು ಓಡಿ ಮುಗಿಸಲು ಮನಸ್ಸಾದರೂ ಹೇಗೆ ಬರುತ್ತದೆ?

ಹೊರಡುವ ಮುನ್ನ ಸೈಕಲ್ಲಿನ ಬಗ್ಗೆ ಎರಡು ಮಾತು. ಇಂಥ ಪ್ರವಾಸಕ್ಕೆ ರೇಸಿನ ಸೈಕಲ್ ಒಗ್ಗದು. ತೆಳ್ಳನೆಯ ಉಕ್ಕಿನ ಕೊಳವೆಗಳ ಚೌಕಟ್ಟು, ಕೊಂಚ ಅಗಲವಾದ ಟೈರು, ಕೆಸರು ತಡೆಯುವ ಮಡ್‌ಗಾರ್ಡು, ಹಿಂದೆ ಗಟ್ಟಿ ಕ್ಯಾರಿಯರು, ಅದರ ಎರಡೂ ಪಕ್ಕಕ್ಕೆ ಜೋತುಬಿದ್ದ ಚೀಲಗಳು. ಚರ್ಮದ ಸೀಟು ಆದರೆ ಇನ್ನೂ ಚೆನ್ನ. ಹೊಸದರಲ್ಲಿ ಮರದ ಹಲಗೆಯಷ್ಟು ಗಡುಸಾಗಿರುವ ಆ ಚರ್ಮ ಮಳೆ, ಬಿಸಿಲು, ಮೈಬೆವರು ಕುಡಿದು ಕುಡಿದು ಕ್ರಮೇಣ ಕೂರುವವರ ಮೈಗೇ ಹೊಂದಿ ಬಾಗುತ್ತದೆ. ಉಕ್ಕಿನ ಚೌಕಟ್ಟಿನಲ್ಲಿ ಒಂದು ಸಣ್ಣ ಮಿಡುಕಿದೆ. ಕಲ್ಲುಹಾಸಿನ ಬೀದಿಯಲ್ಲಿ ಹೋಗುವಾಗ ಅದು ಅದುರನ್ನು ನುಂಗಿಕೊಂಡು ಮುಂಗೈಗೆ ಬರೀ ಗುನುಗನ್ನಷ್ಟೇ ಕಳಿಸುತ್ತದೆ. ಪೆಡಲ್ ನಿಲ್ಲಿಸಿ ಇಳಿಜಾರಿಗೆ ಬಿಟ್ಟಾಗ ಫ್ರೀವೀಲಿನ ಟಿಕಿಟಿಕಿ ಸದ್ದೊಂದೇ ಜತೆ. ಆ ಸದ್ದು ಕೇಳುವುದಕ್ಕೆಂದೇ ನಾನು ಕೆಲವು ಸಲ ಪೆಡಲ್ ತುಳಿಯುವುದನ್ನು ನಿಲ್ಲಿಸುತ್ತೇನೆ.

ಈ ನಿಧಾನದ ಸವಾರಿಗೂ ಒಬ್ಬ ಗುರುವಿದ್ದಾನೆ. ಲ್ವಾರ್ ನದಿಯ ಮೇಲ್ಗಡೆ, ಸಾಂತ್ ಎತಿಯೆನ್ ಪಟ್ಟಣದಲ್ಲಿದ್ದ ಪಾಲ್ ದ ವಿವಿ. ವೆಲೊಸಿಯೊ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಈತ 1887ರಲ್ಲಿ ಸೈಕಲ್ ಸವಾರರಿಗಾಗಿಯೇ ಪತ್ರಿಕೆ ಶುರುಮಾಡಿದ. ಗೇರು ಬದಲಾಯಿಸುವ ಸೈಕಲ್ ಹೆಂಗಸರಿಗೆ, ಮುದುಕರಿಗೆ ಮಾತ್ರ ಎಂದು ರೇಸಿನವರು ಮೂಗು ಮುರಿಯುತ್ತಿದ್ದ ಕಾಲದಲ್ಲಿ ಗೇರಿನ ಪರವಾಗಿ ಹಟ ಹಿಡಿದು ವಾದಿಸಿದ. ಟೂರ್ ದ ಫ್ರಾನ್ಸ್ ಸ್ಪರ್ಧೆಯಲ್ಲಿ ಗೇರು ಬದಲಿಸುವ ಡಿರೇಲರ್‌ಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಆ ಹೊತ್ತಿಗೆ ವೆಲೊಸಿಯೊ ತೀರಿಕೊಂಡು ಏಳು ವರ್ಷವಾಗಿತ್ತು. ಹಸಿವಾಗುವ ಮೊದಲೇ ಉಣ್ಣಬೇಕು, ಬಾಯಾರುವ ಮೊದಲೇ ನೀರು ಕುಡಿಯಬೇಕು, ಜಂಬಕ್ಕಾಗಿ ಪೆಡಲ್ ತುಳಿಯಕೂಡದು ಎಂದು ಆತ ಸವಾರರಿಗೆ ಕಟ್ಟುಪಾಡು ಹಾಕಿಕೊಟ್ಟ. ದಾರಿಯಲ್ಲಿರುವಾಗ ವೈನ್ ಬೇಡ ಎನ್ನುವುದೂ ಅವುಗಳಲ್ಲೊಂದು. ದ್ರಾಕ್ಷಿಯ ನಾಡಿನಲ್ಲಿ ನಿಂತು ಹೇಳುತ್ತೇನೆ, ಅದು ಸರಿಯಾದ ಮಾತು. ಹಗಲು ತೋಟ ನೋಡಿ, ನೆಲ ಮುಟ್ಟಿ, ವೈನ್ ಇಡುವ ಗವಿಗೆ ಹೋದರೂ ತುಟಿ ಸೋಕಿಸಿ ಉಗುಳಿ ಬನ್ನಿ. ಕುಡಿಯುವುದು ಸಂಜೆಗೆ, ಸೈಕಲ್ ಕೊಟ್ಟಿಗೆ ಸೇರಿದ ಮೇಲೆ. ಹಗಲಿಡೀ ಹಸಿದು ಕಾದ ನಾಲಗೆಯೇ ಬೇರೆ.

ತೂರ್ ಬಿಟ್ಟು ಶೇರ್ ನದಿಯ ಗುಂಟ ಹೊರಟರೆ ಮೊದಲು ಸಿಗುವ ದೊಡ್ಡ ನಿಲುಗಡೆ ವಿಲಾಂದ್ರಿ. 16ನೇ ಶತಮಾನದ ಅರಮನೆ ಅದು. ಆದರೆ ಜನ ಬರುವುದು ಅದರ ಕೈತೋಟಕ್ಕೆ. 1906ರಲ್ಲಿ ಇದನ್ನು ಕೊಂಡ ಜೋಕಿಮ್ ಕಾರ್ವಾಯೊ ಎಂಬ ಸ್ಪೇನ್ ಮೂಲದ ವೈದ್ಯ, ತನ್ನ ಹೆಂಡತಿ ಆ್ಯನ್ ಕೋಲ್ಮನ್ ಜತೆಗೂಡಿ, ಅಲ್ಲಿದ್ದ ಇಂಗ್ಲಿಷ್ ಮಾದರಿಯ ಉದ್ಯಾನವನ್ನು ತೆಗೆಸಿ ಹಳೆಯ ಕ್ರಮದ ತೋಟವನ್ನು ಮತ್ತೆ ಹೂಡಿದ. ಒಂಬತ್ತು ಚೌಕ, ಒಂದೊಂದರಲ್ಲೂ ಬೇರೆ ಬೇರೆ ರೇಖೆ, ಬೇರೆ ಬೇರೆ ಕೋನ. ತುಂಬಿರುವುದು ಹೂವಲ್ಲ, ತರಕಾರಿ! ನೀಲಿ ಛಾಯೆಯ ಎಲೆಕೋಸು, ಕಡುಗೆಂಪು ಬೀಟ್‌ರೂಟ್ ಸೊಪ್ಪು, ಗರಿಗರಿ ಕ್ಯಾರೆಟ್ ಸೊಪ್ಪು, ಬೆಳ್ಳಿಬೂದಿ ಬಣ್ಣದ ಲೀಕ್. ವಸಂತಕ್ಕೊಮ್ಮೆ, ಬೇಸಿಗೆಗೊಮ್ಮೆ ನಾಟಿ ಬದಲಾಗುತ್ತದೆ. ಬಣ್ಣದ ಲೆಕ್ಕಾಚಾರವೂ ಅದರೊಂದಿಗೆ. ಮೇಲಿನ ಜಗಲಿಯಿಂದ ನೋಡಿದರೆ ಕಣ್ಣು ತಣಿಯುತ್ತದೆ ನಿಜ. ನನಗೆ ಇನ್ನೂ ಇಷ್ಟವಾಗುವುದು ಕೆಳಗಿಳಿದು, ಮೊಣಕಾಲೆತ್ತರದ ಬಾಕ್ಸ್ ಗಿಡದ ಬೇಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಎಲೆಕೋಸಿನ ಎಲೆಯ ಮೇಲಿನ ಮೇಣದಂಥ ಬೂದಿಯನ್ನೂ ಅದರ ನಡುವೆ ಉಳಿದ ಇಬ್ಬನಿಯ ಹನಿಯನ್ನೂ ನೋಡುವುದು. ಅಡುಗೆಮನೆಗೆ ಸೇರುವ ವಸ್ತುವನ್ನು ಇಷ್ಟು ಮರ್ಯಾದೆಯಿಂದ ನಡೆಸಿಕೊಳ್ಳುವ ಜನ ವೈನನ್ನು ಹೇಗೆ ನಡೆಸಿಕೊಂಡಾರು ಎನ್ನುವುದು ಅಲ್ಲೇ ಅಂದಾಜಾಗುತ್ತದೆ.

ವಿಲಾಂದ್ರಿ ದಾಟಿದ ಮೇಲೆ ದಾರಿ ಏರಿಯ ಮೇಲೆ ಹತ್ತುತ್ತದೆ. ಲ್ವಾರ್ ನದಿಗೆ ಸಿಟ್ಟು ಜಾಸ್ತಿ. 1846, 1856, 1866 ಹೀಗೆ ಹತ್ತತ್ತು ವರ್ಷಕ್ಕೊಮ್ಮೆ ಮೂರು ಸಲ ಬಯಲನ್ನೆಲ್ಲ ನುಂಗಿದ ಮಹಾಪೂರಗಳ ಗೆರೆಗಳು ದಂಡೆಯ ಊರುಗಳ ಗೋಡೆಗಳಲ್ಲಿ ಈಗಲೂ ಕೆತ್ತಿಕೊಂಡಿವೆ. ಈ ಸಿಟ್ಟಿಗೆ ಅಂಜಿಯೇ 12ನೇ ಶತಮಾನದ ಎರಡನೇ ಹೆನ್ರಿ ದೊರೆಯ ಕಾಲದಿಂದ ಜನ ಮಣ್ಣು ಹೊತ್ತು ಏರಿ ಕಟ್ಟುತ್ತಲೇ ಬಂದಿದ್ದಾರೆ. ಸೈಕಲ್ ಸವಾರನಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಬಲಗಡೆ ನದಿ, ಎಡಗಡೆ ತಗ್ಗಿನಲ್ಲಿ ಹೊಲ, ಮನೆಗಳ ನೀಲಿಗಪ್ಪು ಸ್ಲೇಟಿನ ಮಾಡು, ಒಗೆದು ಹರವಿದ ಬಟ್ಟೆ, ಬೀನ್ಸ್ ಬಳ್ಳಿಗೆ ಊರಿದ ಕೋಲು. ಎರಡನ್ನೂ ಒಂದೇ ನೋಟಕ್ಕೆ ಸಿಗಿಸಿಕೊಂಡು, ಮಟ್ಟಸವಾದ ದಾರಿಯಲ್ಲಿ, ಉಸಿರು ಏರದಂತೆ ಸಾಗಬಹುದು. ಬೇಸಿಗೆಯ ಕೊನೆಗೆ ನದಿ ಸೊರಗಿ ಹತ್ತಾರು ಕವಲಾಗಿರುತ್ತದೆ. ನಡುವೆ ಹೊಂಬಣ್ಣದ ಮರಳ ದಿಬ್ಬ, ದಿಬ್ಬದ ಮೇಲೆ ಬೆಳ್ಳಕ್ಕಿ, ಅಂಚಿಗೆ ಬೂದಿಹಸಿರಿನ ವಿಲೋ ಪೊದೆ. ಅಗಲ ತಳದ ಹಳೆಯ ಮಾದರಿಯ ಮರದ ದೋಣಿಗಳು ಅಲ್ಲಲ್ಲಿ ಕಟ್ಟಿಹಾಕಿ ನಿಂತಿರುತ್ತವೆ. ರೈಲು ಬರುವ ಮೊದಲು ಈ ನದಿಯೇ ಹೆದ್ದಾರಿ. ಕಡಲ ಕಡೆಯಿಂದ ಬೀಸುವ ಗಾಳಿಗೆ ಚೌಕ ಹಾಯಿ ಬಿಚ್ಚಿ ದೋಣಿಗಳು ಹೊಳೆಯ ಎದುರಿಗೇ ಮೇಲೇರಿ ಬರುತ್ತಿದ್ದವು, ಇಳಿಯುವಾಗ ಕಲ್ಲು, ವೈನು ಹೊತ್ತೊಯ್ಯುತ್ತಿದ್ದವು. ಪಶ್ಚಿಮಕ್ಕೆ ಹೋಗುವ ಸವಾರನಿಗೆ ಆ ಗಾಳಿ ಮುಖಕ್ಕೇ ಹೊಡೆಯುತ್ತದೆ. ಒಂದು ಗೇರು ಇಳಿಸಿ, ಅದರ ಪಾಡಿಗೆ ಅದನ್ನು ಬಿಡಬೇಕು. ಆ ಗಾಳಿಯಲ್ಲಿ ಒದ್ದೆ ಮರಳಿನ, ಕಾಡು ಪುದೀನದ ಪರಿಮಳವಿರುತ್ತದೆ.

ಬ್ರೆಯೆಮೋಂ ಒಂದು ಕಾಲದಲ್ಲಿ ಸೆಣಬಿನ ನಾರಿಗೆ ಹೆಸರಾದ ಊರು. ನಾರು ಒಣಗಿಸುತ್ತಿದ್ದ ಕಲ್ಲಿನ ಒಲೆಗಳು ಈಗಲೂ ಇವೆ. ಮುಂದೆ ಕಾಡಿನಂಚಿಗೆ ಮೊನಚು ಗೋಪುರಗಳ ಯೂಸೆ ಅರಮನೆ ಕಾಣುತ್ತದೆ. ನೂರು ವರ್ಷ ಮಲಗಿದ ರಾಜಕುಮಾರಿಯ ಕತೆಗೆ ಇದೇ ಪ್ರೇರಣೆಯೆಂದು ಊರವರ ನಂಬಿಕೆ. ನನ್ನನ್ನು ಕಾಲೆಳೆದು ನಿಲ್ಲಿಸುವುದು ಮಾತ್ರ ಹತ್ತಿರದ ರಿವಾರೆನ್ ಎಂಬ ಹಳ್ಳಿಯ ಪೇರು ಹಣ್ಣು.

ಅದನ್ನು ಮಾಡುವ ಕ್ರಮ ಕೇಳಿ. ಪೇರು ಹಣ್ಣನ್ನು ತೊಟ್ಟು ಬಿಡಿಸದೆ ಇಡಿಯಾಗಿ ಸಿಪ್ಪೆ ಹೆರೆಯುತ್ತಾರೆ. ಸೌದೆಯ ಒಲೆಯಲ್ಲಿ, ಸುಡುವಷ್ಟು ಬಿಸಿಯಲ್ಲದ ಹದವಾದ ಕಾವಿನಲ್ಲಿ, ದಿನಗಟ್ಟಲೆ ಒಣಗಿಸುತ್ತಾರೆ. ಹಣ್ಣು ಕುಗ್ಗುತ್ತದೆ, ಕಂದುತ್ತದೆ, ಮೈಮೇಲೆ ಸಣ್ಣ ಸಣ್ಣ ಸುಕ್ಕು ಮೂಡುತ್ತವೆ. ಆಮೇಲೆ ಒಂದೊಂದನ್ನೇ ಒತ್ತುವ ಸಾಧನದಲ್ಲಿಟ್ಟು ಮೆಲ್ಲಗೆ ಚಪ್ಪಟೆ ಮಾಡುತ್ತಾರೆ. ಒಳಗುಳಿದ ಗಾಳಿ ಹೊರಟುಹೋಗಬೇಕು, ಸಿಪ್ಪೆ ಹೆರೆದ ಮೈ ಮಾತ್ರ ಬಿರಿಯಬಾರದು. ಹೀಗೆ ಮಾಡಿದ ಹಣ್ಣು ವರ್ಷಗಟ್ಟಲೆ ಕೆಡದು. ಹಡಗಿನವರು ಉಗ್ರಾಣದಲ್ಲಿ ಕಟ್ಟಿಕೊಂಡು ಹೋಗುತ್ತಿದ್ದ ಬುತ್ತಿ ಇದು. ತಿನ್ನುವ ಹಿಂದಿನ ದಿನ ಅದನ್ನು ಶಿನೋಂ ಊರಿನ ಕೆಂಪು ವೈನಿನಲ್ಲಿ ಹಾಕಿ, ಒಂದು ತುಂಡು ದಾಲ್ಚಿನ್ನಿಯೊಡನೆ ಮಂದ ಉರಿಯಲ್ಲಿ ಬೇಯಿಸಿ, ಹಾಗೆಯೇ ನೆನೆಯಲು ಬಿಡುತ್ತಾರೆ. ಬಟ್ಟಲಿಗೆ ಬಂದಾಗ ಹಣ್ಣು ಮತ್ತೆ ಮೈದುಂಬಿಕೊಂಡಿರುತ್ತದೆ. ಬಣ್ಣ ಗಾಢ ಮಾಣಿಕ್ಯ. ಚಮಚ ತಾಗಿಸಿದರೆ ಹೊರಗೆ ಕೊಂಚ ಬಿಗಿ, ಆಮೇಲೆ ಒಮ್ಮೆಗೇ ಮೆತ್ತಗೆ. ಮೊದಲು ಹೊಗೆಯ ನೆನಪು, ಅದರ ಹಿಂದೆ ಕರಗಿದ ಸಕ್ಕರೆಯ ಕಂದು ಸಿಹಿ, ಅದರ ಹಿಂದೆ ವೈನಿನ ಒಗರು, ಕಟ್ಟಕಡೆಗೆ, ಅಷ್ಟೆಲ್ಲ ಕಾವು ತಿಂದ ಮೇಲೂ ಎಲ್ಲೋ ಉಳಿದುಕೊಂಡ ತಾಜಾ ಪೇರಿನ ಕಂಪು. ಮಾತಾಡದೆ ತಿನ್ನಬೇಕಾದ ಪದಾರ್ಥ.

ಅಲ್ಲಿಂದ ಆವೊಯಿನ್ ಕಡೆಗೆ ಹೋದರೆ ಅಣುವಿದ್ಯುತ್ ಸ್ಥಾವರದ ಬಳಿ ಹಾಯಬೇಕು. ಅಲ್ಲಿ ನೋಡುವಂಥದ್ದೇನೂ ಇಲ್ಲ. ಪೋರ್-ಬುಲೆ ಸೇತುವೆ ದಾಟಿ ಬಲದಂಡೆಗೆ ಬನ್ನಿ. ಸೈಕಲ್ ಮಾರ್ಗದ ಫಲಕಗಳು ನಿಮ್ಮನ್ನು ಎಡದಂಡೆಯಲ್ಲೇ ಮುಂದಕ್ಕೆ ಕಳಿಸುತ್ತವೆ. ಅವನ್ನು ಅರ್ಧ ದಿನದ ಮಟ್ಟಿಗೆ ಮರೆತು ಬೂರ್ಗೆಯ್ ಊರಿನತ್ತ ಹ್ಯಾಂಡಲ್ ತಿರುಗಿಸಿ. ನಾನು ಮೊದಲು ಹೇಳಿದ ಮೂರು ನೆಲಗಳ ಪಾಠ ಇರುವುದು ಅಲ್ಲಿ.

ಸೇತುವೆಯ ಬುಡದಲ್ಲಿ ನೆಲ ಸಪಾಟು, ಹೊಳೆ ತಂದು ಹಾಕಿದ ಮಣ್ಣು. ತರಕಾರಿ, ಜೋಳ, ಪಾಪ್ಲರ್ ಮರಗಳ ಸಾಲು. ದ್ರಾಕ್ಷಿ ಇಲ್ಲಿ ಕಡಿಮೆ. ಹಾಗೇ ಉತ್ತರಕ್ಕೆ ತುಳಿಯುತ್ತ ಹೋದಂತೆ ದಾರಿ ಗೊತ್ತೇ ಆಗದಷ್ಟು ನಯವಾಗಿ ಮೇಲೇಳುತ್ತದೆ. ತೊಡೆಗೆ ಗೊತ್ತಾಗುತ್ತದೆ, ಕಣ್ಣಿಗಲ್ಲ. ಅಷ್ಟರಲ್ಲಿ ತೋಟಗಳು ಶುರು. ಬಳ್ಳಿಯ ಬುಡದಲ್ಲಿ ದುಂಡು ದುಂಡು ಗರಸು, ನದಿ ಎಂದೋ ಬಿಟ್ಟುಹೋದದ್ದು. ಅಂಗೈಯಲ್ಲಿ ಒಂದು ಹಿಡಿ ಎತ್ತಿಕೊಂಡರೆ ಮಧ್ಯಾಹ್ನದ ಬಿಸಿಲನ್ನು ಹಿಡಿದಂತಿರುತ್ತದೆ. ಇನ್ನೂ ಮುಂದೆ ಹೋದರೆ ನಿಜವಾದ ಏರು. ದಾರಿ ಬೆಳ್ಳಗಾಗುತ್ತದೆ, ತೋಟದ ಮಣ್ಣಿನ ನಡುವೆ ಹಳದಿಬಿಳಿಯ ಮೆದುಗಲ್ಲು ಇಣುಕುತ್ತದೆ. ಇದೇ ತುಫೊ. ಮೇಲೆ, ನೆತ್ತಿಯಲ್ಲಿ, ಬಡಗಣ ಗಾಳಿಯನ್ನು ತಡೆಯುವ ಕಾಡು. ಹೊಳೆಯಿಂದ ಕಾಡಿನವರೆಗೆ ಕೆಲವೇ ಕಿಲೋಮೀಟರ್. ಅಷ್ಟರೊಳಗೆ ಮೂರು ಲೋಕ.

ಬೆಳೆಯುವ ದ್ರಾಕ್ಷಿ ಎಲ್ಲ ಕಡೆಗೂ ಹೆಚ್ಚುಕಡಿಮೆ ಒಂದೇ, ಕಾಬರ್ನೆ ಫ್ರಾಂ. ಕಪ್ಪುನೀಲಿ ಬಣ್ಣದ, ಸಣ್ಣ ಕಾಯಿಯ, ತೆಳು ಸಿಪ್ಪೆಯ ಹಣ್ಣು. 1937ರಿಂದ ಬೂರ್ಗೆಯ್ ಎಂಬ ಊರ ಹೆಸರೇ ಈ ವೈನಿಗೆ ಕಾನೂನಿನ ಮುದ್ರೆ. ಸಂಜೆ ಗುಡ್ಡದ ಹೊಟ್ಟೆಯೊಳಗಿನ ಗವಿಯಲ್ಲಿ ಕೂತು ಗರಸಿನ ವೈನನ್ನೂ ತುಫೊ ವೈನನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ಗರಸಿನದ್ದು ತಿಳಿಗೆಂಪು, ಚುರುಕು. ಮೂಗಿಗೆ ಆಗತಾನೆ ಕಿತ್ತ ರಾಸ್ಪ್‌ಬೆರಿ, ಹಿಂದೊಂದು ಚೂರು ಹಸಿ ದೊಣ್ಣೆಮೆಣಸಿನಕಾಯಿ. ಕೊಂಚ ತಣ್ಣಗೆ ಕುಡಿದರೆ ಗಂಟಲಲ್ಲಿ ತಡೆಯೇ ಇಲ್ಲ. ಈಗ ಎರಡನೆಯದು. ಗ್ಲಾಸನ್ನು ಒಮ್ಮೆ ತಿರುವಿ. ಕಾಯಿರಿ. ಮೊದಲ ಉಸಿರಿಗೆ ಏನನ್ನೂ ಕೊಡದು. ಆಮೇಲೆ ನೇರಳೆ ಹೂ, ಕೆತ್ತಿದ ಪೆನ್ಸಿಲ್ಲಿನ ಮರ, ಒಣ ತಂಬಾಕಿನೆಲೆ, ಮಳೆ ಬಿದ್ದ ಸುಣ್ಣದ ಗೋಡೆ. ನಾಲಗೆಯ ಮೇಲೆ ಅದು ಹರಿಯುವುದಿಲ್ಲ, ಕೂರುತ್ತದೆ. ಒಗರು ಸಣ್ಣ ಸೀಮೆಸುಣ್ಣದ ಹುಡಿಯ ಹಾಗೆ ಒಸಡಿಗೆ ಹತ್ತಿ, ನುಂಗಿದ ಮೇಲೂ ಬಹಳ ಹೊತ್ತು ಅಲ್ಲೇ ಇರುತ್ತದೆ. ಬೆಳಿಗ್ಗೆ ಟೈರಿಗೆ ಮೆತ್ತಿದ ಬಿಳಿ ಹುಡಿ ಮತ್ತು ಈ ಒಗರು, ಎರಡೂ ಒಂದೇ ಗುಡ್ಡದ್ದು ಎಂದು ಹೊಳೆದಾಗ ಆಗುವ ಸಂತೋಷವಿದೆಯಲ್ಲ, ಅದನ್ನು ಯಾವ ಲೇಬಲ್ಲೂ ಕೊಡಲಾರದು.

ಜತೆಗೆ ಸಾಂತ್-ಮೋರ್ ಗಿಣ್ಣು ಇರಲಿ. ತೂರೇನ್ ಸೀಮೆಯ ಮೇಕೆಹಾಲಿನ ಗಿಣ್ಣು ಅದು. ಗೇಣುದ್ದದ ಉರುಳೆ, ಮೈಗೆಲ್ಲ ಬೂದಿ ಬಳಿದಿರುತ್ತದೆ. ಉರುಳೆಯ ನಟ್ಟನಡುವೆ ಉದ್ದಕ್ಕೂ ಒಂದು ರೈ ಹುಲ್ಲಿನ ಕಡ್ಡಿ ಹಾಯ್ದಿರುತ್ತದೆ. ಎಳಸು ಗಿಣ್ಣು ಮುರಿಯದಿರಲೆಂದು. ಆ ಕಡ್ಡಿಯ ಮೇಲೆ ಗಿಣ್ಣಿನ ಹೆಸರು, ಮಾಡಿದವರ ಗುರುತು ಅಕ್ಷರಗಳಲ್ಲಿ ಕೆತ್ತಿರುತ್ತವೆ. ಕಡ್ಡಿಯನ್ನು ಮೆಲ್ಲನೆ ಎಳೆದು ತೆಗೆದು, ಬೆರಳಗಲದ ಬಿಲ್ಲೆ ಕೊಯ್ದರೆ ಬೂದಿಯ ಅಂಚಿನೊಳಗೆ ಹಾಲುಬಿಳುಪು. ತುಸು ಹುಳಿ, ತುಸು ಉಪ್ಪು, ಕೊನೆಗೆ ಬಾದಾಮಿಯ ಸುಳಿವು.

ಎಡದಂಡೆಗೆ ಮರಳಿ, ವೆರೋಂ ಎಂಬ ತಗ್ಗು ಹುಲ್ಲುಗಾವಲುಗಳ ಸೀಮೆ ದಾಟಿದರೆ ಕಾಂದ್-ಸಾಂ-ಮಾರ್ತಾಂ. ವಿಯೆನ್ ನದಿ ಇಲ್ಲಿ ಲ್ವಾರ್ ಸೇರುತ್ತದೆ. ಚರ್ಚಿನ ಹಿಂದಿನ ಕಡಿದಾದ ಓಣಿಯಲ್ಲಿ ಸೈಕಲ್ ತಳ್ಳಿಕೊಂಡು ಮೇಲೆ ಹೋದರೆ ಎರಡು ನೀರುಗಳು ಒಂದಕ್ಕೊಂದು ಅಂಟದೆ, ಕೆಲದೂರ ಬೇರೆ ಬೇರೆ ಬಣ್ಣದಲ್ಲೇ ಪಕ್ಕಪಕ್ಕ ಹರಿಯುವುದು ಕಾಣುತ್ತದೆ. ತೂರ್ ಪಟ್ಟಣದ ಬಿಷಪ್ ಆಗಿದ್ದ ಸಂತ ಮಾರ್ಟಿನ್ 397ರ ನವೆಂಬರಿನಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. ದೇಹ ತಮಗೆ ಬೇಕೆಂದು ಪುವಾತಿಯೆ ಊರಿನವರೂ ತೂರ್ ಊರಿನವರೂ ಜಗಳಕ್ಕೆ ನಿಂತರಂತೆ. ನಡುರಾತ್ರಿ ಎದುರಾಳಿಗಳು ತೂಕಡಿಸುತ್ತಿದ್ದಾಗ ತೂರ್‌ನವರು ದೇಹವನ್ನು ಕಿಟಕಿಯಿಂದ ದಾಟಿಸಿ ದೋಣಿಯಲ್ಲಿಟ್ಟು ಹೊಳೆಯ ಮೇಲಕ್ಕೆ ಸಾಗಿಸಿದರು. ದೋಣಿ ಹೋದಲ್ಲೆಲ್ಲ ದಂಡೆಯ ಗಿಡಗಳು ಚಳಿಗಾಲವನ್ನು ಮರೆತು ಹೂಬಿಟ್ಟವು ಎಂದು ಐತಿಹ್ಯ. ಇದೇ ಸಂತನ ಕತ್ತೆ ದ್ರಾಕ್ಷಿ ಬಳ್ಳಿಯನ್ನು ಮೇದುಬಿಟ್ಟಿತಂತೆ. ಮರುವರ್ಷ ಮೇದ ಬಳ್ಳಿಯಲ್ಲೇ ಒಳ್ಳೆಯ ಹಣ್ಣು ಬಂತಂತೆ. ಬಳ್ಳಿ ಸವರುವ ವಿದ್ಯೆಯನ್ನು ಮನುಷ್ಯ ಕಲಿತದ್ದು ಹಾಗಂತೆ. ನಮ್ಮ ವಿಜಯಪುರದ ದ್ರಾಕ್ಷಿ ಬೆಳೆಗಾರರು ಚಾಟನಿ (ಬಳ್ಳಿ ಸವರುವ ಕೆಲಸ) ಮಾಡುವಾಗ ಈ ಕತ್ತೆಯ ಕತೆ ಹೇಳಿದರೆ ತಲೆದೂಗುತ್ತಾರೆ ಎಂದು ನನ್ನ ನಂಬಿಕೆ.

ಕಾಂದ್‌ನಿಂದ ಸೊಮ್ಯೂರ್‌ವರೆಗಿನ ದಾರಿ ಪೂರ್ತಿ ಕಲ್ಲಿನ ಲೋಕ. ತುಫೊ ಸುಮಾರು 9 ಕೋಟಿ ವರ್ಷದ ಹಿಂದೆ ಬೆಚ್ಚನೆಯ ಕಡಲಿನ ತಳದಲ್ಲಿ ಕೂಡಿದ ಕಲ್ಲು. ಗಣಿಯಿಂದ ತೆಗೆದಾಗ ಗರಗಸಕ್ಕೆ ಸಿಗುವಷ್ಟು ಮೆದು. ಹೊರಗಿನ ಗಾಳಿಗೆ ಬಿಟ್ಟ ಮೇಲೆ ಮೈ ಗಟ್ಟಿಯಾಗುತ್ತದೆ. ಈ ಸೀಮೆಯ ಅರಮನೆಗಳೆಲ್ಲ ಎದ್ದದ್ದು ಇದರಿಂದ. ಅರಮನೆ ಮೇಲೆದ್ದಂತೆ ಗುಡ್ಡದೊಳಗೆ ಪೊಳ್ಳು ಉಳಿಯಿತು. ಆ ಪೊಳ್ಳಿನಲ್ಲಿ ಜನ ಮನೆಮಾಡಿದರು, ಅಣಬೆ ಬೆಳೆದರು, ಪೀಪಾಯಿ ಇಟ್ಟರು. ವರ್ಷವಿಡೀ ಒಳಗೆ ಸುಮಾರು 12 ಡಿಗ್ರಿಯ ತಂಪು, ವೈನಿಗೆ ಹೇಳಿಮಾಡಿಸಿದ್ದು. ತುರ್ಕಾಂ, ಪಾರ್ನೆ, ಸೂಝೆ ಹೀಗೆ ಊರುಗಳು ಬಂಡೆಗೆ ಬೆನ್ನು ಕೊಟ್ಟು ಕೂತಿವೆ. ಸೂಝೆಯಲ್ಲಂತೂ ಸೈಕಲ್ ದಾರಿಯೇ ಗುಡ್ಡದೊಳಗೆ ನುಗ್ಗುತ್ತದೆ. ಬಿಸಿಲಿನಿಂದ ಒಮ್ಮೆಗೇ ಕತ್ತಲಿಗೆ, ತಂಪಿಗೆ. ಚೈನಿನ ಸದ್ದು ಎರಡು ಪಟ್ಟಾಗಿ ಗೋಡೆಯಿಂದ ವಾಪಸು ಬರುತ್ತದೆ. ಗೋಡೆ ಸವರಿದರೆ ಬೆರಳಿಗೆ ನುಣ್ಣನೆಯ ಹುಡಿ, ಉಳಿಯ ಓರೆಗೆರೆಗಳು. ಗವಿಯ ಊಟದ ಮನೆಗಳಲ್ಲಿ ಸೌದೆ ಒಲೆಯಿಂದ ಫುವೆ ಎಂಬ ಅಂಗೈಯಗಲದ ರೊಟ್ಟಿ ಪೂರಿಯಂತೆ ಉಬ್ಬಿ ಬರುತ್ತದೆ. ಆವಿ ಮುಖಕ್ಕೆ ಹೊಡೆಯುವಾಗಲೇ ಅದನ್ನು ಸೀಳಿ, ಬೆಣ್ಣೆ ಸವರಿ, ಬೆಂದ ಬಿಳಿ ಬೀನ್ಸ್ ಕಾಳು ತುಂಬಿ ತಿನ್ನುವುದು.

ಈ ದಾರಿಯ ರತ್ನವೆಂದರೆ ಪಾರ್ನೆ ಸುತ್ತಿನ ಗೋಡೆಯ ತೋಟಗಳು. 19ನೇ ಶತಮಾನದ ಕೊನೆಗೆ ಆಂತ್ವಾನ್ ಕ್ರಿಸ್ತಾಲ್ ಎಂಬ ಬೆಳೆಗಾರನಿಗೆ ಒಂದು ಯೋಚನೆ ಬಂತು. ಬಳ್ಳಿಯ ಬೇರಿಗೆ ತಂಪು ಬೇಕು, ಹಣ್ಣಿಗೆ ಬಿಸಿಲು ಬೇಕು. ಎರಡನ್ನೂ ಒಂದೇ ಬಳ್ಳಿಗೆ ಕೊಡುವುದು ಹೇಗೆ? ಆತ ತೋಟಕ್ಕೆ ಅಡ್ಡಲಾಗಿ ತುಫೊ ಗೋಡೆಗಳನ್ನು ಸಾಲಾಗಿ ಕಟ್ಟಿಸಿದ. ಬಳ್ಳಿಯನ್ನು ನೆಟ್ಟದ್ದು ಗೋಡೆಯ ಬಡಗಣ ನೆರಳಿನಲ್ಲಿ. ಗೋಡೆಗೆ ಒಂದೊಂದು ತೂತು. ಕಾಂಡ ಆ ತೂತಿನೊಳಗಿಂದ ತೂರಿ ಆಚೆ, ತೆಂಕಣ ಬಿಸಿಲಿಗೆ ಬಂದು ಕೈಚಾಚುತ್ತದೆ. ಗೋಡೆ ಹಗಲೆಲ್ಲ ಕಾಯ್ದು ಹಣ್ಣನ್ನು ರಾತ್ರಿಯೂ ಬೆಚ್ಚಗಿಡುತ್ತದೆ. ತೂತಿನ ಹತ್ತಿರ ಬಗ್ಗಿ ನೋಡಿ. ಮುಂಗೈಗಾತ್ರದ ಕಾಂಡ, ಸುಲಿದು ಸುಲಿದು ನಾರಾದ ತೊಗಟೆ, ಅದು ಉಜ್ಜಿ ಉಜ್ಜಿ ನುಣುಪಾದ ಕಲ್ಲಿನ ಅಂಚು. ಈಚೆ ಹಾವಸೆ, ಒದ್ದೆ ಮಣ್ಣು; ಆಚೆ ಬಿಸಿಲಿಗೆ ಜೇನುಬಣ್ಣಕ್ಕೆ ತಿರುಗಿದ ಶೆನಾಂ ಗೊಂಚಲು. ಒಬ್ಬ ಮನುಷ್ಯ ದ್ರಾಕ್ಷಿಯ ಸುಖಕ್ಕಾಗಿ ಇಷ್ಟೊಂದು ಕಲ್ಲು ಹೊರಿಸಿದ! ನಾನು ಆ ಗೋಡೆಯ ಮೇಲೆ ಅಂಗೈ ಊರಿ ನಿಲ್ಲದೆ ಎಂದೂ ಮುಂದೆ ಹೋದದ್ದಿಲ್ಲ.

ಶೆನಾಂ ಬ್ಲಾಂ ನಮಗೂ ತೀರ ಅಪರಿಚಿತವಲ್ಲ. ನಾಸಿಕ್ ಸೀಮೆಯಲ್ಲಿ ಬೆಳೆದ ಶೆನಾಂ ಬೆಂಗಳೂರಿನ ಅಂಗಡಿಗಳಲ್ಲೂ ಸಿಗುತ್ತದೆ, ನಗುಮುಖದ ಹಣ್ಣಿನ ವೈನು. ತವರಿನಲ್ಲಿ ಅದರ ಗತ್ತೇ ಬೇರೆ. ತೂರ್ ಪಕ್ಕದ ವುವ್ರೆಯಲ್ಲಿ ಅದು ಒಣ, ಅರೆಸಿಹಿ, ಸಿಹಿ, ನೊರೆ, ಹೀಗೆ ವರ್ಷದ ಬಿಸಿಲು ಹೇಳಿದಂತೆ ರೂಪ ತಾಳುತ್ತದೆ. ಸೊಮ್ಯೂರ್‌ನ ಬಿಳಿಯಲ್ಲಿ ಹಸಿ ಸೇಬು, ಜೇನುಮೇಣ, ಒದ್ದೆ ಸುಣ್ಣಕಲ್ಲು. ಜೊಲ್ಲೂರಿಸುವ ನೇರವಾದ ಹುಳಿ. ಒಳ್ಳೆಯ ವರ್ಷದ ಸಿಹಿ ಶೆನಾಂ ದಶಕಗಟ್ಟಲೆ ಬಾಳುವುದು ಆ ಹುಳಿಯ ಬಲದಿಂದಲೇ.

ಸೊಮ್ಯೂರ್ ಕೋಟೆ ಕಂಡಲ್ಲಿಗೆ ನನ್ನ ತುಣುಕು ಮುಗಿಯಿತು. ಆದರೂ ಒಂದು ದಿನ ಹೆಚ್ಚಿದ್ದರೆ ಪೆಡಲ್ ತುಳಿಯುತ್ತಲೇ ಇರಿ. ಆಂಜೆ ಪಟ್ಟಣದ ಕಡೆಗೆ ಹೋದಂತೆ ಬಿಳಿ ಸುಣ್ಣಕಲ್ಲು ಮುಗಿದು ಕಪ್ಪು ಪದರುಗಲ್ಲು ಶುರುವಾಗುತ್ತದೆ. ಮನೆಗಳ ಗೋಡೆಯೇ ಕಪ್ಪಾಗುತ್ತದೆ, ದಾರಿಯ ಹುಡಿ ಕಪ್ಪಾಗುತ್ತದೆ. ಆಂಜೆ ದಾಟಿ ಬಲದಂಡೆಯ ಸವೆನಿಯೇರ್‌ನಲ್ಲಿ ಅದೇ ಶೆನಾಂ ಈ ಕಪ್ಪುಗಲ್ಲಿನಿಂದ ಎದ್ದು ಬಂದು ಗಂಭೀರವಾಗಿ, ತುಸು ಉಪ್ಪುಪ್ಪಾಗಿ, ತುಸು ಕಹಿಯಾಗಿ ನಿಲ್ಲುತ್ತದೆ. ಎಳೆಯದಿದ್ದಾಗ ಅದು ಯಾರಿಗೂ ಬಾಯಿ ಬಿಡುವುದಿಲ್ಲ. ಎಂಟು ಹತ್ತು ವರ್ಷ ಇಟ್ಟ ಬಾಟಲಿ ಸಿಕ್ಕರೆ ಊಟಕ್ಕೆ ಒಂದು ಗಂಟೆ ಮೊದಲೇ ಬೂಚು ತೆಗೆದು ಅಗಲ ಬಾಯಿಯ ಹೂಜಿಗೆ ಬಗ್ಗಿಸಿಡಿ, ತೀರ ತಣ್ಣಗೆ ಮಾಡಬೇಡಿ. ತಟ್ಟೆಯಲ್ಲಿ ಲ್ವಾರ್ ನದಿಯ ಮೀನು, ಮೇಲೆ ಸಣ್ಣೀರುಳ್ಳಿ, ವಿನೆಗರು ಹಾಕಿ ಕಡೆದ ಬೆಣ್ಣೆಯ ಬಿಳಿ ಗೊಜ್ಜು ಇರಲಿ. ಜತೆಗೆ ಬೇಯಿಸಿದ ಆಲೂಗಡ್ಡೆ ಬಿಟ್ಟು ಇನ್ನೇನೂ ಬೇಡ.